ಎಲ್ಲಾರೂ ಹತ್ತಿನೇ ಹಾಕಿದ್ರೆ?

ಆಂಧ್ರದ ಹತ್ತನೇ ತರಗತಿ ಗಣಿತದಲ್ಲಿ ಒಂದು ಕಾಲಕ್ಕೆ 'ಲೀನಿಯರ್ ಪ್ರೋಗ್ರಾಮಿಂಗ್' ಅಂತ ಒಂದು ಪಾಠವಿತ್ತು. ಕರ್ನಾಟಕದ ಗೆಳೆಯರಿಗೆ ಹೇಳಿದರೆ ನಂಬುವುದಿಲ್ಲ, ಅವರಲ್ಲಿ ಅದು ಪಿಯುಸಿಯ ವಿಷಯ. ನಮ್ಮಲ್ಲಿ ಮಾತ್ರ 2014ರಲ್ಲಿ ಹೊಸ ಪುಸ್ತಕ ಬರುವ ತನಕ ಹಳ್ಳಿ ಶಾಲೆಯ ಮಕ್ಕಳೂ ಗ್ರಾಫ್ ಹಾಳೆಯ ಮೇಲೆ ಎರಡು ಗೆರೆ ಎಳೆದು, ಗೆರೆಗಳ ಒಳಗಿನ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಬಣ್ಣ ಬಳಿದು, ಮೂಲೆ ಬಿಂದುಗಳನ್ನು ಹುಡುಕಿ ಐದು ಅಂಕ ಗಳಿಸುತ್ತಿದ್ದರು. ಮಕ್ಕಳು ಇದಕ್ಕೆ ಇಟ್ಟ ಹೆಸರು 'ಗ್ರಾಫ್ ಲೆಕ್ಕ'. ಪಾಸಾಗುವುದೇ ಕಷ್ಟ ಅನ್ನುವ ಹುಡುಗನಿಗೂ ಇದೊಂದು ಬರುತ್ತಿತ್ತು. ಹಾಗಾಗಿ ನನಗೂ ಈ ಪಾಠದ ಮೇಲೆ ವಿಶೇಷ ಪ್ರೀತಿ.

ಇಂಥ ಲೆಕ್ಕಗಳಲ್ಲಿ ಸಾಮಾನ್ಯವಾಗಿ ಒಬ್ಬ ಬಡಗಿ ಇರುತ್ತಾನೆ. ಅವನು ಮೇಜು ಎಷ್ಟು ಮಾಡಬೇಕು, ಕುರ್ಚಿ ಎಷ್ಟು ಮಾಡಬೇಕು ಅಂತ ಯೋಚಿಸುತ್ತಾನೆ. ನಮ್ಮ ಆದೋನಿ ಸೀಮೆಯ ಮಕ್ಕಳಿಗೆ ಆ ಬಡಗಿ ಯಾಕೆ? (ಆದೋನಿ ಅಂದರೆ ಹಳಬರ ಬಾಯಲ್ಲಿ ಆದವಾನಿ. 1953ರ ಅಕ್ಟೋಬರ್ 1ರವರೆಗೆ ನಾವು ಬಳ್ಳಾರಿ ಜಿಲ್ಲೆಯವರು. ಆವತ್ತು ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಬಂದವು, ಬಳ್ಳಾರಿ ಮೈಸೂರಿಗೆ ಹೋಯಿತು. ನಾವು ಕನ್ನಡದಲ್ಲಿ ಪಾಠ ಹೇಳುತ್ತ ಇಲ್ಲೇ ಉಳಿದೆವು.) ಊರಿನ ಹತ್ತಿ ಯಾರ್ಡು, ಜಿನ್ನಿಂಗ್ ಮಿಲ್ಲು, ಶೇಂಗಾ ಎಣ್ಣೆ ಗಾಣ, ಇವುಗಳ ನಡುವೆ ಬೆಳೆದ ಮಕ್ಕಳು. ಅದಕ್ಕೇ ನಾನು ಬಡಗಿಯನ್ನು ತೆಗೆದು ರೈತನನ್ನು ಕೂರಿಸಿದೆ.

ಕಪ್ಪು ಹಲಗೆಯ ಮೇಲೆ ನಾನು ಬರೆಯುತ್ತಿದ್ದ ಲೆಕ್ಕ ಇದು. ಅಂಕಿಗಳು ಪಾಠಕ್ಕಾಗಿ ಮಾಡಿಕೊಂಡವು, ಯಾರ ಹೊಲದವೂ ಅಲ್ಲ. ರೈತನ ಹತ್ತಿರ 5 ಎಕರೆ. ಮನೆಯವರೆಲ್ಲ ಸೇರಿ ದುಡಿಯಬಲ್ಲದ್ದು 140 ಆಳಿನ ದಿನ. ಒಂದು ಎಕರೆ ಹತ್ತಿಗೆ 40 ಆಳು, ಶೇಂಗಾಕ್ಕೆ 20. ಬೀಜ ಗೊಬ್ಬರ ಕಳೆದು ಹತ್ತಿಯಲ್ಲಿ ಎಕರೆಗೆ 12,000 ರೂಪಾಯಿ ಉಳಿತಾಯ, ಶೇಂಗಾದಲ್ಲಿ 9,000. ಯಾವುದು ಎಷ್ಟು ಹಾಕಬೇಕು?

ಬರೀ ಶೇಂಗಾ ಹಾಕಿದರೆ 45,000. ಬರೀ ಹತ್ತಿ ಅಂದರೆ ಆಳು ಸಾಲದೆ ಮೂರೂವರೆ ಎಕರೆಗೆ ನಿಲ್ಲಬೇಕು, 42,000. ಎರಡು ಗೆರೆ ಕೂಡುವ ಮೂಲೆಯಲ್ಲಿ ಹತ್ತಿ 2 ಎಕರೆ, ಶೇಂಗಾ 3 ಎಕರೆ: 51,000. ಇದೇ ಉತ್ತರ. ಕೆಳಗೆ ಎರಡು ಗೆರೆ ಎಳೆದು ಮುಂದಿನ ಲೆಕ್ಕಕ್ಕೆ ಹೋಗುವುದು ವಾಡಿಕೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಹೋಗಲು ಬಿಡಲಿಲ್ಲ. "ಸಾರ್, ಎಲ್ಲಾರ ಮನ್ಯಾಗೂ ಹಿಂಗೇ ಲೆಕ್ಕ ಮಾಡಿ ಎಲ್ಲಾರೂ ಹತ್ತಿನೇ ಹಾಕಿದ್ರೆ ರೇಟು ಇಷ್ಟೇ ಇರ್ತೈತೇನು ಸಾರ್?" ಅಂದಳು. ತರಗತಿ ನಕ್ಕಿತು. ನಾನು ನಗಲಿಲ್ಲ. ಅವಳು ಕೇಳಿದ್ದು ಹತ್ತನೇ ತರಗತಿಯ ಪ್ರಶ್ನೆಯಲ್ಲ. ದೊಡ್ಡ ದೊಡ್ಡ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡ ಪ್ರಶ್ನೆ ಅದು!

ನನಗೆ ಅದು ತಿಳಿದಿದ್ದು ಆಮೇಲೆ. ಹೈದರಾಬಾದಿನಲ್ಲಿ ಕೃಷಿ ಅರ್ಥಶಾಸ್ತ್ರ ಓದುತ್ತಿದ್ದ ಹಳೆಯ ವಿದ್ಯಾರ್ಥಿಯೊಬ್ಬ ರಜೆಗೆ ಬಂದಾಗ ಹೇಜಲ್ ಮತ್ತು ನಾರ್ಟನ್ ಎಂಬಿಬ್ಬರು 1986ರಲ್ಲಿ ಬರೆದ ಪುಸ್ತಕದ ಜೆರಾಕ್ಸ್ ತಂದಿದ್ದ. ಇಡೀ ಕೃಷಿ ರಂಗವನ್ನೇ ಇಂಥ ಗ್ರಾಫ್ ಲೆಕ್ಕದ ದೊಡ್ಡಣ್ಣನಾಗಿ ಬರೆಯುವುದು ಹೇಗೆ ಅನ್ನುವ ಪುಸ್ತಕ. ನಮ್ಮ ಲೆಕ್ಕದಲ್ಲಿ ಎರಡು ಬೆಳೆ, ಎರಡು ನಿರ್ಬಂಧ. ಅವರ ಲೆಕ್ಕದಲ್ಲಿ ನೂರಾರು ಸಾಲು. ಪ್ರತಿ ಜಿಲ್ಲೆಯ ನೆಲ ಒಂದು ಸಾಲು, ನೀರು ಒಂದು ಸಾಲು, ಆಳಿನ ದಿನ ತಿಂಗಳಿಗೊಂದು ಸಾಲು. ಇಂಗ್ಲಿಷು, ಗಣಿತ ಎರಡೂ ಕಷ್ಟ. ಆದರೂ ಒಂದು ಬೇಸಿಗೆ ಕೂತು ಓದಿದೆ. ಹಿಂದಿನ ಬೆಂಚಿನ ಪ್ರಶ್ನೆಗೆ ಉತ್ತರ ಅದರ ನಡುಮಧ್ಯೆ ಇತ್ತು.

ಈ ಗಣಿತದ ಚರಿತ್ರೆ ಎರಡೇ ಮಾತಿನಲ್ಲಿ: 1939ರಲ್ಲಿ ರಷ್ಯಾದ ಕಾಂತೊರೊವಿಚ್ ಪ್ಲೈವುಡ್ ಕಾರ್ಖಾನೆಯೊಂದರ ಸಮಸ್ಯೆಗಾಗಿ ಶುರು ಮಾಡಿದ, 1947ರಲ್ಲಿ ಅಮೆರಿಕದ ಡಾಂಟ್ಜಿಗ್ ಅದನ್ನು ಬಿಡಿಸುವ 'ಸಿಂಪ್ಲೆಕ್ಸ್' ದಾರಿ ಕಂಡುಕೊಂಡ. 1950ರ ದಶಕದಲ್ಲಿ ಅಮೆರಿಕದ ಅಯೋವಾದಲ್ಲಿ ಅರ್ಲ್ ಹೆಡಿ ಎಂಬ ಪ್ರೊಫೆಸರರು ಇದನ್ನು ರೈತರ ಹೊಲಕ್ಕೆ ಇಳಿಸಿದರು.

ಹೊಲದಿಂದ ದೇಶಕ್ಕೆ ಹಾರುವಾಗಲೇ ತೊಡಕು. ಒಬ್ಬ ರೈತನಿಗೆ ಬೆಲೆ ಅನ್ನುವುದು ಹೊರಗಿನಿಂದ ಬಂದ ಅಂಕಿ. ಅವನು ಹತ್ತು ಕ್ವಿಂಟಾಲ್ ಹೆಚ್ಚು ತಂದರೆ ಆದೋನಿ ಯಾರ್ಡಿಗೆ ಗೊತ್ತೂ ಆಗುವುದಿಲ್ಲ. ಆದರೆ ಎಲ್ಲ ರೈತರನ್ನೂ ಒಂದೇ ಲೆಕ್ಕದಲ್ಲಿ ತಂದಾಗ ಬೆಲೆ ಅಂಕಿಯಾಗಿ ಉಳಿಯುವುದಿಲ್ಲ, ಇಳಿಜಾರಿನ ಗೆರೆಯಾಗುತ್ತದೆ. ಮಾಲು ಹೆಚ್ಚಾದಷ್ಟೂ ಕೆಳಗೆ. ಆಗ "ಒಟ್ಟು ಆದಾಯ ಹೆಚ್ಚಿಸು" ಅಂತ ಲೆಕ್ಕಕ್ಕೆ ಹೇಳಿದರೆ ಅದು ಏನು ಮಾಡುತ್ತದೆ ಗೊತ್ತೇ? ಇಡೀ ಸೀಮೆಯ ಒಬ್ಬನೇ ಜಮೀನ್ದಾರನ ಹಾಗೆ ಯೋಚಿಸುತ್ತದೆ. ಬೆಳೆ ಕಡಿಮೆ ಮಾಡಿ ಬೆಲೆ ಏರಿಸುತ್ತದೆ. ನಮ್ಮ ರೈತರು ಹಾಗೆ ಮಾಡಲಾರರು. ಮಾಡಬೇಕೆಂದರೂ ಪಕ್ಕದವನು ಬಿಡಬೇಕಲ್ಲ! ಇದಕ್ಕೆ ದಾರಿ ತೋರಿಸಿದ್ದು 1952ರಲ್ಲಿ ಸ್ಯಾಮ್ಯುಯೆಲ್ಸನ್. ಆದಾಯವನ್ನಲ್ಲ, ಆ ಇಳಿಜಾರು ಗೆರೆಯ ಕೆಳಗಿನ ಕ್ಷೇತ್ರಫಲದಲ್ಲಿ ಖರ್ಚು ಕಳೆದು ಉಳಿದದ್ದನ್ನು ಹೆಚ್ಚಿಸು, ಆಗ ಪೈಪೋಟಿಯ ಸಂತೆಯಲ್ಲಿ ನಿಲ್ಲುವ ಬೆಲೆಯೇ ಉತ್ತರವಾಗಿ ಬರುತ್ತದೆ. ಮುಂದೆ ತಕಯಾಮಾ ಮತ್ತು ಜಡ್ಜ್ ಅದನ್ನು ಬೆಳೆಸಿದರು. 1973ರಲ್ಲಿ ಪ್ರಕಟವಾದ ಮೆಕ್ಸಿಕೋ ದೇಶದ ಕೃಷಿ ಮಾದರಿ ಹೀಗೇ ಕಟ್ಟಿದ್ದು. ಅದಕ್ಕೆ ಅವರು 'ಚಾಕ್' ಅಂತ ಹೆಸರಿಟ್ಟರು. ಚಾಕ್ ಅಂದರೆ ಮಾಯಾ ಜನರ ಮಳೆದೇವರು. ಓದಿ ಖುಷಿಯಾಯಿತು. ನಮ್ಮಲ್ಲಿ ಯಾರಾದರೂ ಇಂಥ ಮಾದರಿ ಮಾಡಿದರೆ 'ಗುರ್ಜಿ' ಅಂತ ಇಡಬಹುದು.

ಒಟ್ಟಿನಲ್ಲಿ ಉತ್ತರ: "ಇಲ್ಲಮ್ಮ, ರೇಟು ಇಷ್ಟೇ ಇರಲ್ಲ." ಹಲಗೆಯ ಲೆಕ್ಕದಲ್ಲೇ ನೋಡಿ. ಹತ್ತಿಯ ಉಳಿತಾಯ 12,000ದಿಂದ 9,000ಕ್ಕೆ ಇಳಿದರೆ 2 ಎಕರೆ ಹತ್ತಿ ಹಾಕಿದವನಿಗೂ 45,000, ಹಾಕದೇ ಇದ್ದವನಿಗೂ 45,000. ನಲವತ್ತು ಆಳಿನ ದಿನ ಹೆಚ್ಚು ದುಡಿದದ್ದಷ್ಟೇ ಲಾಭ!

ಆದರೆ ಎಲ್ಲ ಬೆಳೆಗೂ ಈ ಇಳಿಜಾರು ಒಂದೇ ಥರ ಅಲ್ಲ, ಇದು ನಮ್ಮ ಕಡೆಯವರಿಗೆ ಪುಸ್ತಕ ಇಲ್ಲದೆಯೂ ಗೊತ್ತು. ಹತ್ತಿಯ ಬೆಲೆ ಆದೋನಿಯಲ್ಲಿ ಹುಟ್ಟುವುದಿಲ್ಲ, ಜಗತ್ತಿನ ಸಂತೆಯಿಂದ ಬರುತ್ತದೆ. ಆದೋನಿಯವರೆಲ್ಲ ಹತ್ತಿ ಹಾಕಿದರೂ ಗೆರೆ ಹೆಚ್ಚು ಬಾಗುವುದಿಲ್ಲ. ಕೆಳಗೆ ಬೆಂಬಲ ಬೆಲೆಯ ನೆಲಗಟ್ಟೂ ಇದೆ. 2025-26ಕ್ಕೆ ಮಧ್ಯಮ ಎಳೆಯ ಹತ್ತಿಗೆ ಕ್ವಿಂಟಾಲಿಗೆ 7,710 ರೂಪಾಯಿ, ಶೇಂಗಾಕ್ಕೆ 7,263. (ಆ ನೆಲಗಟ್ಟಿಗೂ ಒಂದು ತೂತು ಉಂಟು. ಹತ್ತಿಯ ತೇವಾಂಶ ಶೇಕಡ 12 ದಾಟಿದರೆ ಸಿಸಿಐನವರು ತೆಗೆದುಕೊಳ್ಳುವುದಿಲ್ಲ. ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ರೈತ ನೆಲಗಟ್ಟಿನಿಂದ ಕೆಳಗೆ.) ಪತ್ತಿಕೊಂಡದ ಟೊಮೆಟೊ ಹಾಗಲ್ಲ. ಅದು ಕಾಯುವುದಿಲ್ಲ, ಕೊಳೆಯುತ್ತದೆ. ಎರಡು ಲೋಡು ಹೆಚ್ಚು ಬಂದರೂ ಬೆಲೆ ಕುಸಿದು ರಸ್ತೆ ಬದಿಗೆ ಸುರಿದು ಹೋಗುವುದನ್ನು ನೋಡದವರು ನಮ್ಮ ಜಿಲ್ಲೆಯಲ್ಲಿಲ್ಲ. ಕರ್ನೂಲಿನ ಈರುಳ್ಳಿಯದೂ ಅದೇ ಕಥೆ. ಇನ್ನು ಒಣ ಮೆಣಸಿನಕಾಯಿ ಇವೆರಡರ ನಡುವಿನದು. 2024ರ ಮಾರ್ಚ್ 11ರಂದು ಬ್ಯಾಡಗಿ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿತೆಂದು ರೈತರು ಸಿಟ್ಟಿಗೆದ್ದು ಎಪಿಎಂಸಿ ಕಚೇರಿಗೆ ನುಗ್ಗಿದರಲ್ಲ, ವಾಹನಗಳು ಸುಟ್ಟವಲ್ಲ, ಆವತ್ತು ಆಂಧ್ರದ ಕಡೆಯಿಂದ ಮಾಲು ತೆಗೆದುಕೊಂಡು ಹೋದವರೂ ಅಲ್ಲಿದ್ದರೆಂದು ಪತ್ರಿಕೆಗಳಲ್ಲಿ ಬಂತು. ಹಿಂದಿನ ವರ್ಷದ ಬೆಲೆಯನ್ನು ಸ್ಥಿರ ಅಂಕಿಯೆಂದು ನಂಬಿ ಸಾವಿರಾರು ಜನ ಬೇರೆ ಬೇರೆಯಾಗಿ ಗ್ರಾಫ್ ಲೆಕ್ಕ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ನನಗೆ ಆ ದಿನವೇ ನೆನಪಾಗುತ್ತದೆ. ಅವರಲ್ಲಿ ಯಾರ ಲೆಕ್ಕವೂ ತಪ್ಪಿರಲಿಲ್ಲ.

ಬೆಲೆಯ ಮಾತಾಯಿತು. ನನ್ನನ್ನು ಹೆಚ್ಚು ಕಾಡಿದ್ದು ಎರಡನೇ ನಿರ್ಬಂಧ, ಆ 140 ಆಳಿನ ದಿನ.

ಈ ಗಣಿತದಲ್ಲಿ 'ನೆರಳು ಬೆಲೆ' ಅಂತ ಒಂದಿದೆ. ನಿರ್ಬಂಧದ ಬಲಗಡೆಯ ಅಂಕಿಯನ್ನು ಒಂದು ಹೆಚ್ಚಿಸಿದರೆ ಉತ್ತರ ಎಷ್ಟು ಹೆಚ್ಚುತ್ತದೆ, ಅದೇ ನೆರಳು ಬೆಲೆ. ನಮ್ಮ ಲೆಕ್ಕದಲ್ಲಿ ಇನ್ನೊಂದು ಎಕರೆ ಸಿಕ್ಕರೆ 6,000 ರೂಪಾಯಿ ಹೆಚ್ಚು. ಇನ್ನೊಂದು ಆಳಿನ ದಿನ ಸಿಕ್ಕರೆ 150 ರೂಪಾಯಿ. ಅಂದರೆ ಆ ಮನೆಯ ಒಂದು ದಿನದ ದುಡಿಮೆಗೆ ಸ್ವಂತ ಹೊಲದಲ್ಲಿ ಸಿಗುವ ಬೆಲೆ 150. ಈಗ ಒಂದೇ ಒಂದು ಸಾಲು ಸೇರಿಸೋಣ: ಹೊರಗೆ ಹೋದರೆ ದಿನಕ್ಕೆ 300 ಕೂಲಿ. ಲೆಕ್ಕ ತಿರುಗಿ ಬೀಳುತ್ತದೆ! ಒಂದು ಎಕರೆ ಹತ್ತಿ ಕೊಡುವ 12,000, ಅದು ತಿನ್ನುವ 40 ದಿನದ ಕೂಲಿಗೆ ಸಮ ಆಗಿಹೋಗುತ್ತದೆ. ಹೊಸ ಉತ್ತರ: ಐದೂ ಎಕರೆ ಶೇಂಗಾ ಹಾಕು, 100 ದಿನ ಹೊಲದಲ್ಲಿ ದುಡಿ, 40 ದಿನ ಊರು ಬಿಡು. 45,000ಕ್ಕೆ 12,000 ಕೂಡಿ 57,000.

ಊರು ಬಿಡುವುದಕ್ಕೆ ನಮ್ಮಲ್ಲಿ ಒಂದು ಮಾತಿದೆಯಲ್ಲ... ಗುಳೆ. ಕೋಸಿಗಿ, ಕೌತಾಳಂ, ಹೊಳಗುಂದ, ಮಂತ್ರಾಲಯದ ಸುತ್ತಿನ ಹಳ್ಳಿಗಳಿಂದ ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು ಹೋಗುತ್ತಾರೆ. ಬೆಂಗಳೂರಿಗೆ, ಹೈದರಾಬಾದಿಗೆ ಕಟ್ಟಡ ಕೆಲಸಕ್ಕೆ ಹೋಗುತ್ತಾರೆ. ಮನೆ ಬಾಗಿಲಿಗೆ ಮುಳ್ಳುಕಂಟಿ ಇಟ್ಟು ಗಾಡಿ ಹತ್ತುತ್ತಾರೆ. ಪತ್ರಿಕೆಗಳು ಇದನ್ನು ಬರ, ಬಡತನ ಅಂತ ಬರೆಯುತ್ತವೆ. ಸುಳ್ಳಲ್ಲ. ಆದರೆ ಅದು ಹುಚ್ಚಾಪಟ್ಟೆ ಓಡಿಹೋಗುವುದಲ್ಲ, ಲೆಕ್ಕ ಹಾಕಿ ತೆಗೆದುಕೊಂಡ ತೀರ್ಮಾನ ಅನ್ನುವುದನ್ನು ನನಗೆ ತೋರಿಸಿದ್ದು ಈ ಒಂದು ಸಾಲು. ಶೇಂಗಾ ಕಿತ್ತಾದ ಮೇಲೆ ಮನೆ ಮಂದಿಯ ಕೈ ಖಾಲಿ. ಗುಂಟೂರಿನಲ್ಲಿ ಕಾಯಿ ಕೆಂಪಾಗುವುದು ಸಂಕ್ರಾಂತಿಯ ಆಚೀಚೆ. ತಿಂಗಳಿಗೊಂದು ಆಳಿನ ಸಾಲು ಬರೆದು ನೋಡಿ, ಖಾಲಿ ತಿಂಗಳುಗಳ ನೆರಳು ಬೆಲೆ ಸೊನ್ನೆ. ಸೊನ್ನೆ ಬೆಲೆಯ ದಿನಕ್ಕೆ ಯಾರು ಏನು ಕೊಟ್ಟರೂ ಲಾಭವೇ.

ಸಂಕ್ರಾಂತಿಯ ಆಚೀಚೆ ಅಂದರೆ ಹತ್ತನೇ ತರಗತಿಗೆ ರಿವಿಜನ್ ನಡೆಯುವ ಕಾಲ. ಮಾರ್ಚಿನಲ್ಲಿ ಪಬ್ಲಿಕ್ ಪರೀಕ್ಷೆ. ಮೇಲೆ ಹೇಳಿದ ಹುಡುಗಿ ಆ ವರ್ಷ ಜನವರಿಯಿಂದ ಬರಲಿಲ್ಲ. ಅಪ್ಪ, ಅವ್ವ, ಅಣ್ಣ, ಇವಳು, ನಾಲ್ಕೂ ಜನ ಗುಂಟೂರಿನ ಕಡೆ. ಆ 140 ದಿನದಲ್ಲಿ ಅವಳ ದಿನಗಳೂ ಸೇರಿದ್ದವು. ಪುಸ್ತಕದಲ್ಲಿ 'ಮನೆಯ ದುಡಿಮೆ' ಅಂತ ಒಂದೇ ಸಾಲು ಇರುತ್ತದೆ. ಅದರೊಳಗೆ ಯಾರು ಯಾರು ಇದ್ದಾರೆ ಅಂತ ಬಿಡಿಸಿ ಬರೆದಿರುವುದಿಲ್ಲ. ಕರ್ನೂಲು ಜಿಲ್ಲೆಯ ಹೈಬ್ರಿಡ್ ಹತ್ತಿ ಬೀಜದ ಹೊಲಗಳಲ್ಲಿ ಹೂವಿಗೆ ಹೂವು ಮುಟ್ಟಿಸುವ ಕ್ರಾಸಿಂಗ್ ಕೆಲಸಕ್ಕೆ ಹೆಣ್ಣುಮಕ್ಕಳನ್ನು ಹಚ್ಚುತ್ತಿದ್ದುದು 2000ದ ದಶಕದಲ್ಲಿ ದೇಶದಾಚೆಯೂ ಸುದ್ದಿಯಾಯಿತು. ಅಲ್ಲಿಯೂ ಲೆಕ್ಕದ ಪುಸ್ತಕದಲ್ಲಿ ಅವರೆಲ್ಲ ಬರೀ 'ಆಳು'.

ಆ ಮಗು ಮಾರ್ಚಿನಲ್ಲಿ ಬಂದು ಪರೀಕ್ಷೆ ಬರೆದಳು, ಗಣಿತ ಪಾಸಾದಳು, ಸಮಾಜ ಹೋಯಿತು. ಮುಂದೆ ಓದಲಿಲ್ಲ. ಈಗ ಎರಡು ಮಕ್ಕಳ ತಾಯಿ.

ಮಾದರಿ ಬೇಡ, ಅದು ಮನುಷ್ಯರನ್ನು ಅಂಕಿ ಮಾಡುತ್ತದೆ ಅಂತ ಹೇಳುವವರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಅಂಕಿ ಮಾಡಿದ್ದಕ್ಕೇ ನನಗೆ ಅದು ಕಂಡಿತು. 'ಮಗುವಿನ ದಿನ' ಅಂತ ಬೇರೆ ಸಾಲು ಬರೆದು ಬಲಗಡೆ ಸೊನ್ನೆ ಇಟ್ಟರೆ, ಆ ಮನೆಗೆ ಎಷ್ಟು ರೂಪಾಯಿ ಖೋತಾ ಅನ್ನುವುದು ಕೂಡಲೇ ಗೊತ್ತಾಗುತ್ತದೆ. ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳಲು ಸರ್ಕಾರ ಸೀಜನಲ್ ಹಾಸ್ಟೆಲ್ ತೆರೆದಾಗ ಊಟ, ಚಾಪೆ ಕೊಟ್ಟಿತು, ಒಳ್ಳೆಯದೇ. ಆದರೆ ಅವ್ವಂದಿರು ಕೇಳುತ್ತಿದ್ದುದು ಊಟವನ್ನಷ್ಟೇ ಅಲ್ಲ. ಆ ಖೋತಾ ಯಾರು ತುಂಬುತ್ತಾರೆ ಅಂತಲೂ ಕೇಳುತ್ತಿದ್ದರು. ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೆ.

ಇನ್ನೊಂದು ಮಾತು ಹೇಳಲೇಬೇಕು. ಲೆಕ್ಕ ಐದೂ ಎಕರೆ ಶೇಂಗಾ ಹಾಕು ಅಂದಿತಲ್ಲ, ನಮ್ಮ ಕಡೆ ಯಾರೂ ಹಾಗೆ ಮಾಡುವುದಿಲ್ಲ. ಒಂದು ಮೂಲೆಯಲ್ಲಿ ತೊಗರಿ, ಒಂದು ಅಂಚಿಗೆ ಔಡಲ, ಮನೆಗೆ ಅಂತ ಒಂದಿಷ್ಟು ಸಜ್ಜೆ, ಜೋಳ. ಹಿಂದೆ ಮುಂಗಾರಿ ಹತ್ತಿಯನ್ನು ನವಣೆಯ ಜೊತೆ ಕೂಡಿಸಿ ಬಿತ್ತುತ್ತಿದ್ದರು. ಮಳೆ ಬೇಗ ನಿಂತರೆ ನವಣೆ ಕೈಗೆ, ತಡವಾಗಿ ಬಂದರೆ ಹತ್ತಿ. ಬರೀ ಲಾಭ ನೋಡುವ ಮಾದರಿಗೆ ಇದು ಅರ್ಥವಾಗುವುದಿಲ್ಲ. ಹೇಜಲ್ 1971ರಲ್ಲೇ ಇದಕ್ಕೊಂದು ದಾರಿ ಮಾಡಿದ್ದ: ಸರಾಸರಿ ಲಾಭದ ಜೊತೆಗೆ ವರ್ಷದಿಂದ ವರ್ಷಕ್ಕೆ ಅದು ಎಷ್ಟು ಏರುಪೇರಾಗುತ್ತದೆ ಅನ್ನುವುದನ್ನೂ ಸಾಲಾಗಿ ಬರೆದು, ಆ ಏರುಪೇರನ್ನು ಕಡಿಮೆ ಮಾಡು ಅನ್ನುವುದು. ಅದಕ್ಕೆ 'ಮೋಟಾಡ್' ಅಂತ ಹೆಸರು. ನವಣೆ-ಹತ್ತಿ ಕೂಡುಬೆಳೆ ಅದರ ಅಜ್ಜ.

ಬಡ ರೈತ ಅಂಜುಬುರುಕ, ಅದಕ್ಕೇ ಮುಂದೆ ಬರುವುದಿಲ್ಲ ಅನ್ನುವ ಮಾತನ್ನೂ ನೀವು ಕೇಳಿರಬಹುದು. ಪಟಾನ್‌ಚೆರುವಿನ ಇಕ್ರಿಸಾಟ್ ಸಂಸ್ಥೆಯವರು 1975ರಿಂದ ಮಹಬೂಬ್‌ನಗರ, ಸೊಲ್ಲಾಪುರ, ಅಕೋಲಾ ಜಿಲ್ಲೆಗಳ ಹಳ್ಳಿಗಳಲ್ಲಿ ಮನೆ ಮನೆಯ ಲೆಕ್ಕ ಬರೆದರು. ನಮ್ಮಂಥದೇ ಒಣ ಸೀಮೆ. ಆ ಅಧ್ಯಯನದ ಜೊತೆಗೆ ಬಿನ್ಸ್‌ವಾಂಗರ್ ಎಂಬವರು ರೈತರಿಗೆ ನಿಜವಾದ ದುಡ್ಡು ಕೊಟ್ಟು ನಾಣ್ಯ ಚಿಮ್ಮುವ ಆಟ ಆಡಿಸಿದರು. ರಾಜಾ ಬಿದ್ದರೂ ರಾಣಿ ಬಿದ್ದರೂ 50 ರೂಪಾಯಿ ಬೇಕೋ, ಅಥವಾ ಒಂದಕ್ಕೆ 30, ಇನ್ನೊಂದಕ್ಕೆ 150 ಬೇಕೋ, ಅಥವಾ ಒಂದಕ್ಕೆ ಸೊನ್ನೆ, ಇನ್ನೊಂದಕ್ಕೆ 200 ಬೇಕೋ? ಆ ಕಾಲದ ಕೂಲಿಗೆ ಅದು ದೊಡ್ಡ ಮೊತ್ತ. 1980ರಲ್ಲಿ ಪ್ರಕಟವಾದ ಫಲಿತಾಂಶ: ಪಣ ದೊಡ್ಡದಾದಾಗ ಬಡವ, ಸಿರಿವಂತ ಹೆಚ್ಚುಕಡಿಮೆ ಒಂದೇ ಥರ ಹಿಂಜರಿದರು. ಸ್ವಭಾವದಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಇರುವುದು ಸಾಲ ಸಿಗುವುದರಲ್ಲಿ, ಬಾವಿಯಲ್ಲಿ, ಬೆಳೆ ಹೋದ ವರ್ಷ ಯಾರ ಬಾಗಿಲಿಗೆ ಹೋಗಬಹುದು ಅನ್ನುವುದರಲ್ಲಿ. ಅಂದರೆ ನಿರ್ಬಂಧದ ಬಲಗಡೆಯ ಅಂಕಿಗಳಲ್ಲಿ. ದಲಾಲಿ ಅಂಗಡಿಯ ಮುಂದೆ ಕೂತ ನಮ್ಮ ಊರಿನ ಯಾರಿಗಾದರೂ ಇದನ್ನು ಹೇಳಿ, "ಇದಕ್ಕೆ ನಾಣ್ಯ ಯಾಕ ಚಿಮ್ಮಬೇಕಿತ್ತು?" ಅಂತಾರೆ.

ಮಾದರಿಯವರಲ್ಲೂ ವಿನಯ ಬಂದಿದೆ ಅನ್ನಬೇಕು. 1995ರಲ್ಲಿ ಹೌವಿಟ್ ಎಂಬವರು ಹೊಸ ಪದ್ಧತಿ ಹೇಳಿದರು: ರೈತ ನಿಜವಾಗಿ ಎಷ್ಟು ಎಕರೆಗೆ ಏನು ಹಾಕಿದ್ದಾನೋ ಅದೇ ಉತ್ತರ ಅಂತ ಮೊದಲು ಒಪ್ಪಿಕೊಳ್ಳಿ, ಆಮೇಲೆ ಮಾದರಿಗೆ ಗೊತ್ತಿಲ್ಲದ ಖರ್ಚು ಯಾವುದು ಅಂತ ಹುಡುಕಿ. ಮೇಷ್ಟ್ರಾದ ನನಗೆ ಇದು ಬಹಳ ಹಿಡಿಸಿತು. ಪರೀಕ್ಷೆ ಇರುವುದು ಮಾದರಿಗೆ, ರೈತನಿಗಲ್ಲ.

ನೀರಿನ ಸಾಲು ಬರೆಯಲು ಹೋದರೆ ಇನ್ನೊಂದು ಲೇಖನ ಆಗುತ್ತದೆ. ತುಂಗಭದ್ರಾ ಬಲದಂಡೆಯ ಎಲ್‌ಎಲ್‌ಸಿ ಕಾಲುವೆಯಲ್ಲಿ ಆಂಧ್ರದ ಪಾಲು 29.5 ಟಿಎಂಸಿ ಅಂತ ಕಾಗದದಲ್ಲಿದೆ. ಜಲಾಶಯ ಕಟ್ಟಿದಾಗ 130 ಟಿಎಂಸಿಗೂ ಮೇಲೆ ಹಿಡಿಯುತ್ತಿದ್ದದ್ದು ಹೂಳು ತುಂಬಿ 2016ರ ಅಳತೆಯಲ್ಲಿ ಸುಮಾರು 105.8ಕ್ಕೆ ಬಂದಿತ್ತು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನು ತುಂಡಾಗಿ ನೀರು ನದಿಗೆ ಹರಿದುಹೋದದ್ದು ನಿಮಗೆ ನೆನಪಿರಬಹುದು. ಕಾಗದದ ಅಂಕಿ ಹಿಡಿದು ಲೆಕ್ಕ ಮಾಡಿದರೆ ಕಾಲುವೆಯ ಕೊನೇ ಭಾಗದವರು ಭತ್ತ ಬೆಳೆಯಬೇಕು. ಅವರು ಬೆಳೆಯುತ್ತಿರುವುದು ಬೇರೆ. ಹೌವಿಟ್ಟರ ಮಾತಿನ ಪ್ರಕಾರ ಅವರನ್ನೇ ನಂಬಿ, ಬಲಗಡೆಯ ಅಂಕಿಯನ್ನು ತಿದ್ದಬೇಕು.

ಪಾಠ ಪುಸ್ತಕದಿಂದ ಹೋಗಿದೆ, ನಾನು ಬಿಟ್ಟಿಲ್ಲ. ಶನಿವಾರ ಕೊನೆಯ ಪೀರಿಯಡ್‌ನಲ್ಲಿ ಒಂಬತ್ತು, ಹತ್ತರ ಮಕ್ಕಳು ಕೂರುತ್ತಾರೆ. ಈ ಸಲ ಮನೆಯಲ್ಲಿ ಕೇಳಿಕೊಂಡು ಬನ್ನಿ ಅಂತ ಕಳಿಸಿದ್ದೆ: ಒಂದು ಎಕರೆ ಹತ್ತಿಗೆ ನಿಜವಾಗಿ ಎಷ್ಟು ಆಳು, ಯಾರ ಯಾರ ದಿನ ಎಷ್ಟು. ಕೆಲವರ ಹಾಳೆಯಲ್ಲಿ 40, ಕೆಲವರದರಲ್ಲಿ 60ಕ್ಕೂ ಮೇಲೆ. ಒಬ್ಬ ಹುಡುಗ ಬಹಳ ಅಚ್ಚುಕಟ್ಟಾಗಿ ಅಪ್ಪ, ಅವ್ವ, ಅಕ್ಕ, ನಾನು ಅಂತ ನಾಲ್ಕು ಗೆರೆ ಹಾಕಿ ತಂದಿದ್ದ. ಅಕ್ಕನ ಅಂಕಿ ಅಪ್ಪನಿಗಿಂತ ದೊಡ್ಡದಿತ್ತು. "ಹತ್ತಿ ಬಿಡಸಾದು ಅಕ್ಕಾನೇ ಸಾರ್" ಅಂದ.

ಮುಂದಿನ ಶನಿವಾರ ಟೊಮೆಟೊ ತೆಗೆದುಕೊಳ್ಳುತ್ತೇವೆ. ಬೆಲೆಯ ಇಳಿಜಾರು ಗೆರೆ ಎಳೆಯಲು ಅಂಕಿ ಬೇಕು. ಪತ್ತಿಕೊಂಡ ಯಾರ್ಡಿನಲ್ಲಿ ದಿನಕ್ಕೆ ಎಷ್ಟು ಮಾಲು ಬಂತು, ಬುಟ್ಟಿಗೆ ಎಷ್ಟಕ್ಕೆ ಹೋಯಿತು ಅಂತ ಬರೆದಿಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಕಳಿಸಿಕೊಡಿ. ಒಂದು ತಿಂಗಳದ್ದಾದರೂ ಸಾಕು.